ಹೆಣ್ಣು ನೋಡಲು ಬಂದ ಇಂಗ್ಲಿಷು

ಚಾಮರಾಜನಗರ ಜಿಲ್ಲೆಯಾದ ಹೊಸತರಲ್ಲಿ ಊರಿಗೆ ಎರಡು ಸಂಗತಿಗಳು ಜೊತೆಜೊತೆಯಾಗಿ ಬಂದವು. ಒಂದು ಕಚೇರಿಗಳು, ಇನ್ನೊಂದು ಇಂಗ್ಲಿಷು. ಕಚೇರಿಗಳಿಗೆ ಹೇಗೋ ಬಾಡಿಗೆ ಕಟ್ಟಡಗಳು ಸಿಕ್ಕಿದವು. ಇಂಗ್ಲಿಷಿಗೆ ಆ ಅನುಕೂಲವಿಲ್ಲದೆ ಅದು ಲೈಟು ಕಂಬ, ಕಾಂಪೌಂಡು, ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಗಳಲ್ಲಿ ವಾಸ ಹೂಡಿತು. ಮೂವತ್ತೇ ದಿನದಲ್ಲಿ ಇಂಗ್ಲಿಷ್ ಮಾತಾಡಿಸುತ್ತೇವೆ ಎಂಬ ಕಾಗದದ ಮೇಲೆ ಮೂಲವ್ಯಾಧಿ ವಾಸಿ ಮಾಡುತ್ತೇವೆ ಎಂಬ ಕಾಗದ, ಅದರ ಮೇಲೆ ಮತ್ತೆ ಇಂಗ್ಲಿಷಿನದು. ಎರಡರಲ್ಲಿ ಯಾವುದೂ ವಾಸಿಯಾದ ಸುದ್ದಿ ಬರಲಿಲ್ಲ. ಆದರೂ ಸಂಜೆ ಹೊತ್ತು ಹೊಸ ನೋಟ್‌ಬುಕ್ಕು ಹಿಡಿದು, ತಲೆ ಬಾಚಿಕೊಂಡು ಆ ಕ್ಲಾಸುಗಳಿಗೆ ಹೋಗುತ್ತಿದ್ದ ಮಧ್ಯವಯಸ್ಸಿನ ಗುಮಾಸ್ತರನ್ನು ನೆನೆಸಿಕೊಂಡರೆ ಇವತ್ತಿಗೂ ಪ್ರೀತಿ ಬರುತ್ತದೆ. ಅಷ್ಟು ದೊಡ್ಡ ಆಸೆಯನ್ನು ಅಷ್ಟು ಸಣ್ಣ ಫೀಸಿಗೆ ಆಮೇಲೆ ಯಾರೂ ಮಾರಲಿಲ್ಲ.

ಕುದೇರಿನ ರಾಚಯ್ಯನವರು ಮಾತ್ರ ಯಾವ ಕ್ಲಾಸಿಗೂ ಹೋಗದೆ ಇಂಗ್ಲಿಷ್ ಕಲಿತರು. ಅವರು ಗುಮಾಸ್ತರಾಗಿದ್ದ ಕಚೇರಿಗೆ ಉತ್ತರದ ಕಡೆಯಿಂದ ಒಬ್ಬ ಅಧಿಕಾರಿ ಬಂದು, ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ದಿನಕ್ಕೊಂದು ಇಂಗ್ಲಿಷ್ ನುಡಿಗಟ್ಟನ್ನು ಕನ್ನಡದ ಅರ್ಥದೊಂದಿಗೆ ಬರೆಯತಕ್ಕದ್ದು ಎಂದು ಆಜ್ಞೆ ಮಾಡಿದರು. ರಾಚಯ್ಯನವರ ಅಕ್ಷರ ಗುಂಡಗಿದ್ದುದರಿಂದ ಸೀಮೆಸುಣ್ಣ ಅವರ ಕೈಗೆ ಬಂತು. ಅಧಿಕಾರಿ ಮಳೆಗಾಲಕ್ಕೆ ಮುಂಚೆಯೇ ವರ್ಗವಾಗಿ ಹೋದರು. ಆದರೆ ಬರೆಯುವುದನ್ನು ನಿಲ್ಲಿಸತಕ್ಕದ್ದು ಎಂದು ಯಾರೂ ಆಜ್ಞೆ ಮಾಡಲಿಲ್ಲವಾದ್ದರಿಂದ ಸರ್ಕಾರದ ಇತರ ಅನೇಕ ಕೆಲಸಗಳಂತೆ ಅದೂ ವರ್ಷಗಟ್ಟಲೆ ತಾನಾಗಿ ನಡೆಯಿತು.

ಕಚೇರಿಯಲ್ಲಿ ಅಧಿಕಾರಿಗಾಗಿ ಕಾದು ಕೂತ ಜನಕ್ಕೆ ಓದಲು ಬೇರೇನೂ ಇರುತ್ತಿರಲಿಲ್ಲ. 'ಕಟ್ ಯುವರ್ ಕೋಟ್ ಅಕಾರ್ಡಿಂಗ್ ಟು ಯುವರ್ ಕ್ಲಾತ್' ಎಂದು ಬರೆದು, ಕೆಳಗೆ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಅರ್ಥ ಬರೆದ ದಿನ ಪಹಣಿಗೆ ಬಂದಿದ್ದ ಮುದುಕನೊಬ್ಬ ಅದನ್ನು ಓದಿಸಿಕೊಂಡು ಕೇಳಿ, "ಇದ ನಮ್ಮವ್ವನೂ ಯೋಳ್ತಿದ್ಲು ಕಣ ಸಾಮಿ. ಇಂಗ್ಲಿಷ್ನೋರ್ಗೆ ಯಾವಾಗ ಯೋಳುದ್ಲೋ ಕಾಣೆ" ಎಂದ.

ಹೀಗೆ ದಿನಕ್ಕೊಂದರಂತೆ ರಾಚಯ್ಯನವರ ತಲೆಯಲ್ಲಿ ನುಡಿಗಟ್ಟುಗಳು ಶೇಖರವಾದವು. ಶೇಖರವಾದದ್ದು ಸುಮ್ಮನಿರುತ್ತದೆಯೇ? ಹಾಲಿನವನು ತಡವಾಗಿ ಬಂದರೆ 'ಬೆಟರ್ ಲೇಟ್ ದ್ಯಾನ್ ನೆವರ್'. ಕರೆಂಟು ಬಿಲ್ಲಿನ ಕೊನೆಯ ದಿನ 'ಆಟ್ ದಿ ಇಲೆವೆಂತ್ ಅವರ್'. ಕೇರಿಯಲ್ಲಿ ಒಂದು ಸಾವಾದಾಗ ಅವರು ಹೆಣದ ಮುಂದೆ ಕೈಕಟ್ಟಿ ನಿಂತು 'ಎವ್ರಿ ಕ್ಲೌಡ್ ಹ್ಯಾಸ್ ಎ ಸಿಲ್ವರ್ ಲೈನಿಂಗ್' ಎಂದರು. ಅದುವರೆಗೆ ಬಿಗಿಹಿಡಿದುಕೊಂಡಿದ್ದ ಹಿರಿಯ ಮಗ ಗೊಳೋ ಎಂದು ಅತ್ತುಬಿಟ್ಟ. ತಿಥಿಯಲ್ಲಿ ರಾಚಯ್ಯನವರಿಗೆ ಎರಡು ವಡೆ ಹೆಚ್ಚಿಗೆ ಬಿದ್ದವು. ಅರ್ಥವನ್ನು ಯಾರೂ ಕೇಳಲಿಲ್ಲ. ಮಂತ್ರದ ಅರ್ಥ ಕೇಳುವ ಪದ್ಧತಿ ನಮ್ಮಲ್ಲಿ ಯಾವತ್ತೂ ಇಲ್ಲ.

ಒಂದು ಸಂಗತಿ ಮಾತ್ರ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ನುಡಿಗಟ್ಟುಗಳನ್ನು ಬಿಟ್ಟರೆ ರಾಚಯ್ಯನವರಿಗೆ ಇಂಗ್ಲಿಷಿನಲ್ಲಿ ಬೇರೊಂದು ವಾಕ್ಯವೂ ಬರುತ್ತಿರಲಿಲ್ಲ. ಊಟ ಆಯಿತೇ, ಬನ್ನಿ ಕೂತುಕೊಳ್ಳಿ, ಮಳೆ ಬರುವ ಹಾಗಿದೆ, ಇಂಥವು ಒಂದೂ ಇಲ್ಲ. ಹತ್ತು ಭರಣಿ ಉಪ್ಪಿನಕಾಯಿ ಇದ್ದು ಹಿಡಿ ಅನ್ನವಿಲ್ಲದ ಮನೆಯಂತೆ ಅವರ ಇಂಗ್ಲಿಷು. ಇದನ್ನು ಅರಿತಿದ್ದವರು ಹೆಂಡತಿ ಮೂಗಮ್ಮ ಒಬ್ಬರೇ. "ನೆಟ್ಗ ಒಂದ್ಲೋಟ ನೀರ ಇಂಗ್ಲಿಷ್‌ನಲ್ಲಿ ಕೇಳಿ ನೋಡನ" ಎಂದು ಆಕೆ ಒಮ್ಮೆ ಸವಾಲು ಹಾಕಿದಾಗ ರಾಚಯ್ಯನವರು ಬಹಳ ಹೊತ್ತು ಯೋಚಿಸಿ, ತಾವೇ ಎದ್ದುಹೋಗಿ ಕುಡಿದರು.

ಅವರ ಗೋಡೆಗೆ ಗೋಡೆ ಅಂಟಿಕೊಂಡಂತೆ ಅಜ್ಮತ್ ಉಲ್ಲಾ ಸಾಹೇಬರ ಮನೆ. ಅರಿಸಿನದ ಮಂಡಿಯಲ್ಲಿ ವ್ಯಾಪಾರ. ಅವರು ಎದುರಿಗೆ ಬಂದರೆ ಮೊದಲು ಅರಿಸಿನದ ವಾಸನೆ ಬಂದು, ಆಮೇಲೆ ಅವರು ಬರುತ್ತಿದ್ದರು. ಮಗಳು ಸಬಾ ಬಿ.ಎ. ಮುಗಿಸಿ ಊರಿನ ಒಂದು ಸಣ್ಣ ಶಾಲೆಯಲ್ಲಿ ಐದನೇ ಕ್ಲಾಸಿಗೆ ಪಾಠ ಹೇಳುತ್ತಿದ್ದಳು. ಆಕೆಗೆ ಗುಂಡ್ಲುಪೇಟೆಯಿಂದ ಒಂದು ಸಂಬಂಧ ಬಂತು. ಹುಡುಗ ಜಾಕಿರ್ ಬಂಡೀಪುರದ ಹತ್ತಿರದ ರೆಸಾರ್ಟೊಂದರಲ್ಲಿ ಮೇನೇಜರು ಎಂದು ಹೇಳಿಕೆ. ಅವನ ತಾಯಿ ಫಖ್ರುನ್ನೀಸಾ ಮಂಡಿಗೆ ಫೋನು ಮಾಡಿ, ಮಗನದು ದಿನಾ ಫಾರಿನ್ನವರ ಜೊತೆ ವ್ಯವಹಾರವಾದ್ದರಿಂದ ಹುಡುಗಿಗೆ ಇಂಗ್ಲಿಷು ಬರಲೇಬೇಕು, ಪರೀಕ್ಷೆ ಮಾಡಲು ತಮ್ಮ ಕಡೆಯಿಂದ ಇಂಗ್ಲಿಷ್ ಬಲ್ಲವರೊಬ್ಬರನ್ನು ಕರೆತರುತ್ತೇವೆ ಎಂದರು.

ಸಾಹೇಬರಿಗೆ ಇದು ಚುಚ್ಚಿತು. ತೂಕದ ಕಲ್ಲನ್ನು ಎದುರು ಪಾರ್ಟಿಯೇ ತರುವುದನ್ನು ಯಾವ ವ್ಯಾಪಾರಿ ಒಪ್ಪುತ್ತಾನೆ? "ತನ್ನಿ ತನ್ನಿ. ನಮ್ ಕಡೆನೂ ಒಬ್ರವ್ರೆ. ಡಿಸ್ಟ್ರಿಕ್ಟ್ ಲೆವೆಲ್‌ನೋರು. ಮೊದ್ಲು ಅವ್ರಿಬ್ರೂ ಮಾತಾಡ್ಕಳ್ಳಿ, ಹುಡ್ಗಿ ವಿಚಾರ ಆಮೇಲೆ" ಎಂದು ಫೋನಿಟ್ಟು, ನೇರ ರಾಚಯ್ಯನವರ ಮನೆಗೆ ಬಂದರು.

"ಭಾನುವಾರ ನೀವು ನಮ್ ಮನೇಲಿ ಕೂತ್ಕೊಂಡು ಇಂಗ್ಲಿಷ್ ಮಾತಾಡ್ಬೇಕು ರಾಚಯ್ಯನೋರೆ."

ರಾಚಯ್ಯನವರು, "ಸಾಬ್ರೆ, ಭಾನ್ವಾರ ಕುದೇರ್ಗೆ ಓಗ್ಬೇಕಲ್ಲ" ಎಂದು ಶುರುಮಾಡುವಷ್ಟರಲ್ಲಿ ಒಳಗಿನಿಂದ ಮೂಗಮ್ಮ, "ಏನೂ ಇಲ್ಲ ಸಾಬ್ರೆ, ಬತ್ತಾರೆ. ಮನೇಲಿ ನಮ್ ಕುಟ್ಟ ಮಾತಾಡೋ ಇಂಗ್ಲಿಷ್ನ ಅಲ್ಲೇ ಮಾತಾಡ್ಲಿ" ಎಂದರು.

ಮಾರನೆಯ ದಿನ ಬೆಳಿಗ್ಗೆ ಹಿತ್ತಲ ಗೋಡೆಯಾಚೆಯಿಂದ ಸಬಾಳ ತಲೆ ಕಂಡಿತು.

"ಮಾಮ, ಒಂದು ಉಪಕಾರ ಆಗ್ಬೇಕು. ಮದುವೆ ಆದ್ಮೇಲೂ ನಾನು ಇಸ್ಕೂಲ್‌ಗೆ ಹೋಗ್ತೀನಿ. ಅದಕ್ಕೆ ಗಂಡಿನ ಕಡೆಯೋರನ್ನ ಒಪ್ಪಿಸ್ಬೇಕು."

"ನಿಮ್ಮಪ್ಪಾಜಿಗೇ ಕೇಳಕ್ಕ ಹೇಳವ್ವ."

"ಅಬ್ಬಾ ಉರ್ದುವಲ್ಲಿ ಕೇಳಿದ್ರೆ ಹುಡುಗಿ ಕಡೆಯೋರಿಗೆ ಎಷ್ಟು ಸೊಕ್ಕು ಅಂತಾರೆ. ಕನ್ನಡದಲ್ಲಿ ಕೇಳಿದ್ರೆ ಜಗಳ ಆಗ್ತದೆ. ಇಂಗ್ಲಿಷ್‌ನಲ್ಲಿ ಕೇಳಿದ್ರೆ ಮರ್ಯಾದೆಯಾಗಿ ಇರ್ತದೆ. ಒಪ್ಪದಿದ್ರೆ ನಾನು ಈ ಸಂಬಂಧನೇ ಬೇಡ ಅಂತೀನಿ, ಅಬ್ಬಾ ಊಟ ಬಿಡ್ತಾರೆ. ಎಲ್ಲಾ ನಿಮ್ಮ ಕೈಲಿದೆ ಮಾಮ."

ಹುಡುಗಿ ಹುಟ್ಟಿದ ದಿನ ಆಸ್ಪತ್ರೆಗೆ ಗಾಡಿ ಹೊಂದಿಸಿ ಕೊಟ್ಟವರು ರಾಚಯ್ಯನವರು. ಇಲ್ಲವೆನ್ನಲು ನಾಲಗೆ ಬರಲಿಲ್ಲ. ಆ ವಾರವೆಲ್ಲ ಅವರು ಹಲಗೆಯ ಮುಂದೆ ನಿಂತು ತಮ್ಮ ಭರಣಿಗಳನ್ನೆಲ್ಲ ತಡಕಾಡಿದರು. ಹಾಲು, ಮೋಡ, ಕಲ್ಲು, ಹಕ್ಕಿ, ಸೇಬು, ಎಲ್ಲದಕ್ಕೂ ಇಂಗ್ಲಿಷಿನವರು ನುಡಿಗಟ್ಟು ಮಾಡಿಟ್ಟಿದ್ದರು. ಮದುವೆಯಾದ ಮೇಲೆ ಹೆಣ್ಣುಮಗಳು ಶಾಲೆಗೆ ಪಾಠ ಹೇಳಲು ಹೋಗಬಹುದೇ ಎಂಬುದಕ್ಕೆ ಮಾತ್ರ ಒಂದನ್ನೂ ಮಾಡಿರಲಿಲ್ಲ. ಅಷ್ಟು ದೊಡ್ಡ ಸಾಮ್ರಾಜ್ಯ ಯಾಕೆ ಮುಳುಗಿತು ಎಂದು ರಾಚಯ್ಯನವರಿಗೆ ಆಗ ಗೊತ್ತಾಯಿತು.

ಭಾನುವಾರ ಗುಂಡ್ಲುಪೇಟೆಯ ಬಸ್ಸಿನಿಂದ ಮೂವರು ಇಳಿದರು. ಫಖ್ರುನ್ನೀಸಾ ಭಾರಿ ಗಾತ್ರದ, ಅಗಲ ಹೆಜ್ಜೆಯ, ಕಡಿಮೆ ಮಾತಿನ ಹೆಂಗಸು. ಜಾಕಿರ್ ಇಸ್ತ್ರಿ ಮಾಡಿದ ಅಂಗಿಯೊಳಗೆ ಸದ್ದಿಲ್ಲದೆ ಬೆವರುತ್ತಿದ್ದ. ಮೂರನೆಯವನು ಹಸಿರು ಅಂಗಿ, ಹಸಿರು ಟೋಪಿಯ ಮಂಟೇಸ್ವಾಮಿ. ಜಾಕಿರನ ರೆಸಾರ್ಟಿನಲ್ಲೇ ಪ್ರವಾಸಿಗರಿಗೆ ಕಾಡು ತೋರಿಸುವ ಜೀಪು ಓಡಿಸುವವನು.

"ಇವ್ರು ದಿನಾ ಬೆಳಗಾದ್ರೆ ಫಾರಿನ್‌ನೋರ ಜೊತೆಗೇ" ಎಂದು ಫಖ್ರುನ್ನೀಸಾ ಪರಿಚಯ ಹೇಳಿದರು.

ರಾಚಯ್ಯನವರು ಮಂಟೇಸ್ವಾಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ದಿನಾ ನಿಜವಾದ ಇಂಗ್ಲಿಷ್ ಜನದ ಜೊತೆಗಿರುವವನು ಇವನು. ಎರಡು ಕುರ್ಚಿಗಳನ್ನು ಎದುರುಬದುರು ಹಾಕಿ ಇಬ್ಬರನ್ನೂ ಕೂರಿಸಲಾಯಿತು. ಸಬಾ, ಅವಳ ತಾಯಿ ಮತ್ತು ಕೇರಿಯ ಹೆಂಗಸರು ಪರದೆಯ ಹಿಂದೆ. ಮೂಗಮ್ಮ ಮಾತ್ರ ಪರದೆಯ ಮುಂದೆ, ತಮಾಷೆ ಚೆನ್ನಾಗಿ ಕಾಣುವ ಕಡೆ.

"ಶುರು ಮಾಡಿ" ಎಂದರು ಸಾಹೇಬರು.

ಮಂಟೇಸ್ವಾಮಿ ಟೋಪಿ ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದ: "ಗುಡ್ ಮಾರ್ನಿಂಗ್ ಲೇಡೀಸ್ ಅಂಡ್ ಜಂಟಲ್‌ಮೆನ್. ಪ್ಲೀಸ್ ಸಿಟ್ ಡೌನ್. ಪ್ಲೀಸ್ ಕೀಪ್ ಸೈಲೆನ್ಸ್."

ಆಗ ಮಧ್ಯಾಹ್ನ ಕಳೆದಿತ್ತು. ಆದರೂ ನಿಂತಿದ್ದವರೆಲ್ಲ ಕೂತರು, ಪರದೆಯ ಹಿಂದೆ ಬಳೆಯ ಸದ್ದೂ ಅಡಗಿತು. ಇಂಥ ಇಂಗ್ಲಿಷನ್ನು ರಾಚಯ್ಯನವರು ಕಂಡೇ ಇರಲಿಲ್ಲ. ಕಣ್ಣು ಮುಚ್ಚಿ ಬಾಯಿಗೆ ಬಂದದ್ದನ್ನು ಬಿಟ್ಟರು.

"ಬೆಟರ್ ಲೇಟ್ ದ್ಯಾನ್ ನೆವರ್."

ಮಂಟೇಸ್ವಾಮಿಯ ಮುಖ ಸಣ್ಣಗಾಯಿತು. ಕ್ಷಣ ತಡೆದು, "ನೋ ಸ್ಮೋಕಿಂಗ್. ನೋ ಪ್ಲಾಸ್ಟಿಕ್. ಡೋಂಟ್ ಗೆಟ್ ಡೌನ್ ಫ್ರಮ್ ದಿ ವೆಹಿಕಲ್" ಎಂದ.

ಸಾಲಾಗಿ ಬಂದದ್ದರಿಂದ ಇವು ಗಂಡಿನ ಕಡೆಯ ಷರತ್ತುಗಳಿರಬೇಕೆಂದು ರಾಚಯ್ಯನವರು ಎಣಿಸಿದರು. "ಲುಕ್ ಬಿಫೋರ್ ಯು ಲೀಪ್" ಎಂದು ಎಚ್ಚರಿಸಿದರು.

"ಯೆಸ್ ಯೆಸ್. ಲೆಫ್ಟ್ ಸೈಡ್, ಎಲಿಫೆಂಟ್" ಎಂದ ಮಂಟೇಸ್ವಾಮಿ. ದಿನನಿತ್ಯದ ಅಭ್ಯಾಸದಿಂದ ಅವನ ಎಡಗೈ ತಾನಾಗಿ ಚಾಚಿತು. ಆ ಕಡೆ ದಿವಾನ್ ಮಂಚದ ಮೇಲೆ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಫಖ್ರುನ್ನೀಸಾ ಕೂತಿದ್ದರು. "ಮದರ್ ಅಂಡ್ ಬೇಬಿ. ಮದರ್ ವೆರಿ ಡೇಂಜರ್."

ಮೂಗಮ್ಮನವರಿಗೆ ಕೆಮ್ಮು ಬಂತು.

"ಬ್ಲಡ್ ಈಸ್ ಥಿಕ್ಕರ್ ದ್ಯಾನ್ ವಾಟರ್" ಎಂದರು ರಾಚಯ್ಯನವರು, ಕಣ್ಣು ಇನ್ನೂ ತೆರೆಯದೆ.

"ಸಮ್‌ಟೈಮ್ಸ್ ಟೈಗರ್ ಕಮಿಂಗ್. ಸಮ್‌ಟೈಮ್ಸ್ ನಾಟ್ ಕಮಿಂಗ್. ದಟ್ ಈಸ್ ನೇಚರ್."

"ಒನ್ಸ್ ಇನ್ ಎ ಬ್ಲೂ ಮೂನ್."

ಮಂಟೇಸ್ವಾಮಿಯ ಸರಕು ಅಲ್ಲಿಗೆ ಮುಗಿದಿತ್ತು. "ಥ್ಯಾಂಕ್ಯೂ. ವಿಸಿಟ್ ಅಗೇನ್" ಎಂದು ಎದ್ದು ಕೈ ಚಾಚಿದ. ರಾಚಯ್ಯನವರು ಮುಳುಗುವವರಂತೆ ಆ ಕೈ ಹಿಡಿದುಕೊಂಡರು. ಎರಡೂ ಕೈ ಬೆವರಿದ್ದರಿಂದ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತೇ ಹಿಡಿಯಿತು.

ಇಷ್ಟಕ್ಕೇ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಅಜ್ಮತ್ ಉಲ್ಲಾ ಸಾಹೇಬರು ಮಂಡಿಯಲ್ಲಿ ಬೆಳೆದ ಮನುಷ್ಯ. ಅಲ್ಲಿ ಇಬ್ಬರು ದಲ್ಲಾಳಿಗಳು ಎದುರುಬದುರು ಕೂತು, ಕೈಗಳ ಮೇಲೊಂದು ಟವೆಲು ಹಾಸಿಕೊಂಡು ದರ ಕುದುರಿಸುವುದು ಹಿಂದಿನಿಂದ ಬಂದ ಪದ್ಧತಿ. ಬಾಯಿ ಮಳೆಯ ವಿಚಾರ, ಕಬ್ಬಿನ ವಿಚಾರ, ಯಾರದೋ ಎಮ್ಮೆಯ ವಿಚಾರ ಮಾತಾಡುತ್ತಿರುತ್ತದೆ. ಟವೆಲಿನ ಕೆಳಗೆ ಬೆರಳು ನಿಜವಾದ ವ್ಯಾಪಾರ ಮಾತಾಡುತ್ತಿರುತ್ತದೆ. ಆದ್ದರಿಂದ ಆನೆ, ಹುಲಿ ಎಂಬ ಮಾತುಗಳು ಕಿವಿಗೆ ಬಿದ್ದಾಗ ಸಾಹೇಬರು ಕಿಂಚಿತ್ತೂ ಬೆಚ್ಚಲಿಲ್ಲ. ಪಳಗಿದ ದಲ್ಲಾಳಿಗಳು ಎಂದು ತಲೆದೂಗಿದರು. ಕೈ ಹಿಡಿದುಕೊಂಡದ್ದನ್ನು ಕಂಡ ಮೇಲಂತೂ ಅನುಮಾನವೇ ಉಳಿಯಲಿಲ್ಲ. ಮಂಡಿಯಲ್ಲಿ ಕೈ ಹಿಡಿದು ಎದ್ದರೆ ವ್ಯಾಪಾರ ಮುಗಿಯಿತು. ಆಮೇಲೆ ತಿರುಗಿ ಬಿದ್ದವನಿಗೆ ಆ ಊರಿನಲ್ಲಿ ಅರಿಸಿನವಲ್ಲ, ಅರಿಸಿನದ ಧೂಳೂ ಸಿಗುವುದಿಲ್ಲ.

"ಕೈ ಸೇರ್ತು. ಮಾತು ಮುಗೀತು" ಎಂದು ಸಾಹೇಬರು ತೊಡೆ ತಟ್ಟಿ ಸಾರಿದರು. "ಏನು ತೀರ್ಮಾನ ಆಯ್ತೋ ನಮ್ಗೆ ಒಪ್ಗೆ. ಏನಮ್ಮ, ನಿಮ್ಗೆ?"

ಫಖ್ರುನ್ನೀಸಾರ ದಿವಂಗತ ಯಜಮಾನರೂ ವ್ಯಾಪಾರಸ್ಥರೇ. ಹಿಡಿದ ಕೈಗೆ ಇಲ್ಲವೆಂದು ಆಕೆಯ ಮನೆಯಲ್ಲೂ ಯಾರೂ ಅಂದವರಿಲ್ಲ. "ಕೈ ಸೇರಿದ ಮೇಲೆ ಏನಿದೆ" ಎಂದು ಒಪ್ಪಿಕೊಂಡು, ಕಣ್ಣು ಕಿರಿದು ಮಾಡಿ ಇಬ್ಬರನ್ನೂ ನೋಡಿದರು. "ತೀರ್ಮಾನ ಏನಂತ ಹೇಳಿ ಮತ್ತೆ."

ಇಬ್ಬರು ಪಂಡಿತರೂ ಏಕಕಾಲಕ್ಕೆ, ಒಂದು ಬೀಡಿ ಸೇದಿ ಬರುತ್ತೇವೆ ಎಂದರು. ರಾಚಯ್ಯನವರು ಬೀಡಿ ಸೇದುತ್ತಿರಲಿಲ್ಲ.

ಬೀದಿ ನಲ್ಲಿಯ ಹತ್ತಿರ ನಿಂತು ಮಂಟೇಸ್ವಾಮಿ ಟೋಪಿ ತೆಗೆದ. "ಸಾ, ತಪ್ ತಿಳ್ಕೋಬ್ಯಾಡಿ. ನೀವಾಡಿದ್ದು ಒಂದೂ ಅರ್ಥಾಗ್ನಿಲ್ಲ ಕಣ ಸಾ. ಅದು ಲಂಡನ್ ಇಂಗ್ಲಿಷಾ?"

"ನೀ ಯಾತುಕ್ಲಾ ಆನೆ ಸುದ್ದಿ ತಗ್ದೆ?"

"ನಂಗ ಬರೋದೇ ಅಷ್ಟು ಸಾ. ಜೀಪಲ್ಲಿ ದಿನಾ ಅದ್ನೇ ಹೇಳದು. ಆನೆ ಬಲಗಡೆ ಬಂದ್ರೆ ರೈಟ್ ಸೈಡ್ ಅಂತೀನಿ, ಅಷ್ಟೇಯ ವ್ಯತ್ಯಾಸ."

ರಾಚಯ್ಯನವರು ನಲ್ಲಿಕಟ್ಟೆಯ ಮೇಲೆ ಕೂತುಬಿಟ್ಟರು. ವರ್ಷಗಳಿಂದ ಎದೆಯ ಮೇಲಿದ್ದ ಭಾರವೊಂದು ಜಾರಿದಂತಾಯಿತು. "ನಂದೂ ಅಷ್ಟೇ ಕಣ್ಲಾ. ಬೋರ್ಡ್ ಮ್ಯಾಲ ಬರ್ದದ್ದು ಬುಟ್ರೆ ಒಂದಕ್ಸರ ಬರಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಸದ್ದಾಗದಂತೆ ನಕ್ಕರು. ಆಮೇಲೆ ನಗು ನಿಂತಿತು. ಒಳಗೆ ಅಷ್ಟು ಜನ ತೀರ್ಮಾನಕ್ಕೆ ಕಾದಿದ್ದರು.

"ನಿಜ ಹೇಳ್ಬುಡನ ಸಾ" ಎಂದ ಮಂಟೇಸ್ವಾಮಿ.

"ನಿಜ ಹೇಳುದ್ರೆ ಆ ಹುಡ್ಗಿ ಗತಿ?" ರಾಚಯ್ಯನವರು ಸಬಾಳ ಕೋರಿಕೆಯನ್ನು ತಿಳಿಸಿದರು.

ಮಂಟೇಸ್ವಾಮಿ ತಲೆ ಕೆರೆದುಕೊಂಡ. "ನನ್ ಹೊಟ್ಟೇಲೂ ಒಂದದ ಸಾ. ಜಾಕಿರಣ್ಣ ಮೇನೇಜರಲ್ಲ. ಸ್ಟೋರಲ್ಲಿ ತರಕಾರಿ, ಬೇಳೆ ನೋಡ್ಕತಾನೆ. ಬಂಗಾರದಂಥ ಮನ್ಸ, ಇಂಗ್ಲಿಷು ನನ್ನಷ್ಟೂ ಬರಲ್ಲ. ಹುಡ್ಗಿ ಅವ್ನ ಇಂಗ್ಲಿಷ್‌ನಲ್ಲಿ ಏನಾರ ಕೇಳ್ಬುಟ್ರೆ ಏನ್ ಮಾಡ್ಲೀಂತ ಬಸ್ಸಲ್ಲಿ ಕೈಕೈ ಹಿಸುಕ್ತಿದ್ದ."

ಒಳಗೆ ಕೂತ ಎರಡೂ ಮನೆಯವರಿಗೆ ಕನ್ನಡ ಬರುತ್ತಿತ್ತು, ಉರ್ದು ಬರುತ್ತಿತ್ತು. ಎರಡರಲ್ಲೂ ಹೇಳಲಾಗದ ಒಂದೊಂದು ಮಾತನ್ನು ಹೊತ್ತು ತರಲು ಅವರು ಇವರಿಬ್ಬರನ್ನು ಹಿಡಿದಿದ್ದರು. ಕಟ್ಟೆಯ ಮೇಲೆ ಕೂತು, ಕುದೇರಿನ ಕನ್ನಡದಲ್ಲಿ, ಟವೆಲಿನ ಹಂಗಿಲ್ಲದೆ ಆ ಮಾತುಗಳು ಒಂದು ಬೀಡಿ ಮುಗಿಯುವುದರೊಳಗೆ ತೀರ್ಮಾನವಾದವು.

ಒಳಗೆ ಬಂದು ರಾಚಯ್ಯನವರು ಗಂಟಲು ಸರಿಮಾಡಿಕೊಂಡು ಓದಿ ಹೇಳುವವರಂತೆ ಹೇಳಿದರು. ಒಂದು, ಮದುವೆಯಾದ ಮೇಲೂ ಹುಡುಗಿ ಗುಂಡ್ಲುಪೇಟೆಯಲ್ಲಿ ಶಾಲೆಗೆ ಪಾಠ ಹೇಳಲು ಹೋಗತಕ್ಕದ್ದು. ಎರಡು, ಆ ಮನೆಯೊಳಗೆ ಯಾರೂ ಯಾರನ್ನೂ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡತಕ್ಕದ್ದಲ್ಲ.

ಜಾಕಿರನ ಮುಖದಲ್ಲಿ ಬೆವರು ಆರಿತು. ಪರದೆ ಅಲುಗಾಡಿತು. ಸಾಹೇಬರು ತಾವೇ ದರ ಗೆದ್ದವರಂತೆ ಗಡ್ಡ ನೇವರಿಸಿಕೊಂಡರು.

"ಇಷ್ಟೂ ಆ ನಾಲ್ಕು ಮಾತಲ್ಲಿ ಇತ್ತಾ?" ಎಂದರು ಫಖ್ರುನ್ನೀಸಾ. "ಆಡ್ದೋರೇ ಅರ್ಥ ಹೇಳ್ಬುಟ್ರೆ ಹೆಂಗೆ. ಹುಡ್ಗಿ ಟೀಚರ್ ಅಲ್ವಾ, ಕರೀರಿ. ಅವ್ಳು ಹೇಳ್ಲಿ. ಕನ್ನಡದಲ್ಲೇ ಹೇಳ್ಲಿ, ಎಲ್ಲಾರ್ಗೂ ಗೊತ್ತಾಗ್ಲಿ."

ಸಬಾಳಿಗೆ ಇಂಗ್ಲಿಷು ಬರುತ್ತಿತ್ತು. ನಿಜವಾದ, ಅನ್ನದಂಥ ಇಂಗ್ಲಿಷು. ಪರದೆಯ ಹಿಂದೆ ಅವಳು ಎಲ್ಲವನ್ನೂ ಕೇಳಿದ್ದಳು. ಅವಳು ಬಂದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಐದನೇ ಕ್ಲಾಸಿನ ಮುಂದೆ ನಿಲ್ಲುವಂತೆ ನಿಂತಳು.

"ಅದೇನೋ ಲೀಪು ಅಂದ್ರಲ್ಲ ಇವ್ರು" ಎಂದು ಫಖ್ರುನ್ನೀಸಾ ಶುರುಮಾಡಿದರು.

"ಲುಕ್ ಬಿಫೋರ್ ಯು ಲೀಪ್ ಅಂದ್ರೆ, ಮದುವೆಗೆ ಮುಂಚೆನೇ ಎಲ್ಲಾ ಮಾತಾಡಿಕೊಂಡುಬಿಡಬೇಕು ಅಂತ ಖಾಲಾ."

"ವೆಹಿಕಲ್ಲು?"

"ಡೋಂಟ್ ಗೆಟ್ ಡೌನ್ ಫ್ರಮ್ ದಿ ವೆಹಿಕಲ್ ಅಂದ್ರೆ, ಹಿಡಿದ ಕೆಲಸಾನ ಅರ್ಧ ದಾರೀಲಿ ಬಿಟ್ಟು ಇಳಿಬಾರ್ದು ಅಂತ. ನನ್ನ ಇಸ್ಕೂಲ್ ವಿಚಾರ."

ಮಂಟೇಸ್ವಾಮಿ ಬಾಯಿ ತೆರೆದು ಕೇಳುತ್ತಿದ್ದ. ತಾನು ವರ್ಷಗಳಿಂದ ಜೀಪಿನಲ್ಲಿ ಇಷ್ಟು ದೊಡ್ಡ ಮಾತು ಹೇಳುತ್ತಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಹುಲಿ ಬತ್ತದೆ, ಬರಲ್ಲ ಅಂದಿದ್ದು?"

"ಅದು ಇಂಗ್ಲಿಷು ಖಾಲಾ. ಒಬ್ಬೊಬ್ಬರಿಗೆ ಬರ್ತದೆ, ಒಬ್ಬೊಬ್ಬರಿಗೆ ಬರಲ್ಲ. ದಟ್ ಈಸ್ ನೇಚರ್. ಅದಕ್ಕೇ ಮನೇಲಿ ಯಾರೂ ಯಾರನ್ನೂ ಕೇಳ್ಬಾರ್ದು."

ಜಾಕಿರ್ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ಹೆಣ್ಣು ನೋಡುವ ಶಾಸ್ತ್ರ ಅಷ್ಟರಲ್ಲಿ ಮುಗಿದುಹೋಯಿತೆಂದು ಮೂಗಮ್ಮ ಆಮೇಲೆ ಕೇರಿಯಲ್ಲೆಲ್ಲ ಹೇಳಿದರು.

"ಎಡಗಡೆ ಎಲಿಫೆಂಟು ಅಂತ ಕೈ ತೋರ್ಸಿದ್ರಲ್ಲ" ಎಂದರು ಫಖ್ರುನ್ನೀಸಾ, ದನಿಯನ್ನು ಏರಿಸದೆ, ಇಳಿಸದೆ.

ಮಂಟೇಸ್ವಾಮಿ ತನ್ನ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡ.

"ಹಿಂಡಿನಲ್ಲಿ ಎಲ್ಲರಿಗಿಂತ ಮುಂದೆ ಹೋಗೋದು ತಾಯಿ ಆನೆ ಖಾಲಾ. ದಾರಿ ಗೊತ್ತಿರೋದು ಅದಕ್ಕೆ. ಮಿಕ್ಕೋರು ಹಿಂದೆ ಹೋಗ್ತಾರೆ."

"ವೆರಿ ಡೇಂಜರು ಅಂದ್ರು."

"ಮರಿ ಮುಟ್ಟೋಕೆ ಬಂದೋರಿಗೆ ಮಾತ್ರ."

ಫಖ್ರುನ್ನೀಸಾ ಕೈಚೀಲದಿಂದ ಹೂವಿನ ಪೊಟ್ಟಣ ತೆಗೆದು, ಹುಡುಗಿಯನ್ನು ಹತ್ತಿರ ಕರೆದು, ತಾವೇ ಮುಡಿಸಿದರು. ಸಾಹೇಬರು ಕಣ್ಣೊರೆಸಿಕೊಂಡು, ಟವೆಲಿಲ್ಲದೆ ಇಷ್ಟು ಚೊಕ್ಕ ವ್ಯಾಪಾರವನ್ನು ತಮ್ಮ ಆಯುಸ್ಸಿನಲ್ಲಿ ಕಂಡಿಲ್ಲವೆಂದರು. ಬಿರಿಯಾನಿಯ ವಾಸನೆ ಅಲ್ಲಿಯವರೆಗೆ ಮರ್ಯಾದೆಯಿಂದ ಅಡುಗೆಮನೆಯಲ್ಲೇ ಇದ್ದದ್ದು ಈಗ ನಡುಮನೆಗೆ ಬಂತು.

ಸಂಜೆ ಬಸ್ಸಿನವರೆಗೆ ಕಳಿಸಿಕೊಡಲು ರಾಚಯ್ಯನವರೂ ಹೋದರು. ಜಾಕಿರನೂ ಮಂಟೇಸ್ವಾಮಿಯೂ ಸೀಟು ಹಿಡಿಯಲು ಮೇಲೆ ಹತ್ತಿದ್ದರು. ಫಖ್ರುನ್ನೀಸಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ನಂ ಮನೆ ಇರೋದು ಗುಂಡ್ಲುಪೇಟೆಯಲ್ಲಿ ಕಣಪ್ಪ. ಕಾಡು ನೋಡೋಕೆ ಬರೋ ಜೀಪೆಲ್ಲ ನಮ್ಮ ಬಾಗ್ಲ ಮುಂದೇನೇ ಹೋಗ್ತವೆ. ಎಲಿಫೆಂಟ್ ಅಂದ್ರೆ ಆನೆ, ಡೇಂಜರ್ ಅಂದ್ರೆ ಏನು ಅಂತ ನಮ್ಮೂರ ಕೂಸಿಗೂ ಗೊತ್ತು."

ರಾಚಯ್ಯನವರು ಬಸ್ಸಿನ ಬಾಗಿಲ ಕಂಬಿ ಹಿಡಿದುಕೊಂಡರು.

"ಹೆದರ್ಕೋಬೇಡಿ, ಹಿಡಿದ ಕೈ ಹಿಡಿದ ಕೈಯೇ" ಎಂದು ಆಕೆ ಇನ್ನೊಂದು ಕಾಲನ್ನೂ ಎತ್ತಿಟ್ಟರು. "ಆ ಹುಡ್ಗಿ ಇಸ್ಕೂಲಿಗೆ ಹೋಗ್ಲಿ ಬುಡಿ. ಮುಖ ಒಂಚೂರೂ ಅಲ್ಲಾಡಿಸ್ದೆ ಅಷ್ಟು ಚೆನ್ನಾಗಿ ಸುಳ್ಳು ಹೇಳೋಳನ್ನ ಹಗಲೆಲ್ಲ ಮನೇಲಿಟ್ಕೊಂಡು ನಾನು ಬಾಳೋಕಾಗ್ತದಾ?"